ವಾಸಿಯಾಗದ ಹುಣ್ಣಿಗೆ ಅಯೋಡಿನ್ ಮುಲಾಮೋ, ಬೇರೆಯದೋ? ಟ್ಯೂಬ್ ಕೊಳ್ಳುವ ಮೊದಲು ನೋಡಬೇಕಾದ್ದು

"ಅಪ್ಪನ ಕಾಲಿನ ಹುಣ್ಣಿಗೆ ಎರಡು ತಿಂಗಳಿಂದ ಬೆಟಾಡಿನ್ ಹಚ್ಚುತ್ತಿದ್ದೇವೆ. ಕಡಿಮೆ ಆಗ್ತಿಲ್ಲ. ಸಿಲ್ವರ್ ಕ್ರೀಮ್‌ಗೆ ಬದಲಾಯಿಸೋದಾ? ಜೇನುತುಪ್ಪ ಒಳ್ಳೇದು ಅಂತಾರೆ, ನಿಜಾನಾ?" ಹೀಗೆ ಕೇಳುವವರು ಬಹಳ ಮಂದಿ. ಔಷಧಿ ಅಂಗಡಿಯಲ್ಲಿ ನಾಲ್ಕೈದು ಟ್ಯೂಬ್ ಸಾಲಾಗಿ ಇಡುತ್ತಾರೆ. ಒಂದು ಕಂದು, ಒಂದು ಬಿಳಿ, ಒಂದು ಅಗ್ಗ, ಒಂದು ದುಬಾರಿ. ಯಾವುದನ್ನು ತೆಗೆದುಕೊಳ್ಳುವುದು ಅಂತ ಹೇಳುವವರು ಅಲ್ಲಿ ಯಾರೂ ಇರುವುದಿಲ್ಲ.

ಈ ಬರಹ ಅವರಿಗಾಗಿ. ನಾಲ್ಕರಿಂದ ಆರು ವಾರ ಕಳೆದರೂ ಮುಚ್ಚದ ಹುಣ್ಣಿನ ಬಗ್ಗೆ ಮಾತ್ರ ಇಲ್ಲಿ ಮಾತು. ಸಕ್ಕರೆ ಕಾಯಿಲೆಯವರ ಅಂಗಾಲಿನ ಹುಣ್ಣು, ವೆರಿಕೋಸ್ (ಕಾಲಿನ ರಕ್ತನಾಳ ಉಬ್ಬುವ ತೊಂದರೆ) ಇರುವವರ ಕಣಕಾಲಿನ ಹತ್ತಿರದ ಹುಣ್ಣು, ಹಾಸಿಗೆ ಹಿಡಿದವರ ಸೊಂಟದ ಹುಣ್ಣು, ಕುಷ್ಠರೋಗ ವಾಸಿಯಾದ ಮೇಲೂ ಮರಗಟ್ಟಿದ ಪಾದದಲ್ಲಿ ಮತ್ತೆ ಮತ್ತೆ ಏಳುವ ಹುಣ್ಣು, ಇವೆಲ್ಲ ಇದರಲ್ಲಿ ಬಂದವು. ಒಂದು ಸಲವೂ ಡಾಕ್ಟರಿಗೆ ತೋರಿಸದ ಹುಣ್ಣಾದರೆ ಮುಲಾಮಿನ ಆಯ್ಕೆ ಆಮೇಲೆ. ಮೊದಲು ತೋರಿಸಿ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಬೆಟಾಡಿನ್‌ನಂಥ ಅಯೋಡಿನ್ ಮುಲಾಮು ಕ್ರಿಮಿಗಳನ್ನು ಕೊಲ್ಲುತ್ತದೆ. ಹುಣ್ಣನ್ನು ಮುಚ್ಚಿಸುವುದು ಅದರ ಕೆಲಸ ಅಲ್ಲ. ಹುಣ್ಣು ಮುಚ್ಚುವುದು ಅಲ್ಲಿಗೆ ರಕ್ತ ಹರಿದು ಬಂದಾಗ, ಅದರ ಮೇಲಿನ ಒತ್ತಡ ಇಳಿದಾಗ, ಸಕ್ಕರೆ ಹತೋಟಿಗೆ ಬಂದಾಗ, ಹೊಟ್ಟೆಗೆ ಸಾಕಷ್ಟು ಪ್ರೋಟೀನ್ ಬಿದ್ದಾಗ. ಇದನ್ನು ಬಿಟ್ಟು ಬರೀ ಟ್ಯೂಬ್ ಬದಲಾಯಿಸುತ್ತಾ ಹೋಗುವುದು ಸೋರುವ ಸೂರನ್ನು ಹಾಗೇ ಬಿಟ್ಟು ನೆಲ ಒರೆಸಿದ ಹಾಗೆ.

ಇದಕ್ಕೆ ಒಳ್ಳೆಯ ಪುರಾವೆ ಇದೆ. ಬ್ರಿಟನ್ನಿನಲ್ಲಿ ಸಕ್ಕರೆ ಕಾಯಿಲೆಯ ಪಾದದ ಹುಣ್ಣಿದ್ದ 317 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಅಯೋಡಿನ್ ಹಚ್ಚಿದ ಬಟ್ಟೆ, ಇನ್ನೊಂದಕ್ಕೆ ದುಬಾರಿಯ ನೀರು ಹೀರುವ ಡ್ರೆಸಿಂಗ್, ಮತ್ತೊಂದಕ್ಕೆ ಯಾವ ಔಷಧವೂ ಇಲ್ಲದ, ಗಾಯಕ್ಕೆ ಅಂಟದ ಸಾದಾ ಬಟ್ಟೆ. 24 ವಾರ ನೋಡಿದರು. ಗುಣವಾಗುವುದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇದು ಪ್ರಕಟವಾದದ್ದು 2009ರಲ್ಲಿ. 2023ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಮಧುಮೇಹ ಪಾದದ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ: ಬೇಗ ವಾಸಿಯಾಗಲಿ ಎಂಬ ಒಂದೇ ಉದ್ದೇಶಕ್ಕೆ ಕ್ರಿಮಿನಾಶಕ ಡ್ರೆಸಿಂಗ್ ಬಳಸಬೇಡಿ.

ಹಾಗಾದರೆ ಅಯೋಡಿನ್ ಬೇಡವೇ? ಬೇಕು. ಯಾವಾಗ ಬೇಕು, ಎಷ್ಟು ದಿನ ಬೇಕು ಅನ್ನುವುದು ಗೊತ್ತಿರಬೇಕು ಅಷ್ಟೆ.

ಆರಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಹುಣ್ಣು ಯಾಕೆ ಬಂತು? ಉತ್ತರ ಗೊತ್ತಿಲ್ಲದಿದ್ದರೆ ಯಾವ ಮುಲಾಮೂ ಸರಿಯಾದ ಮುಲಾಮು ಅಲ್ಲ. ಕಾಲಿನ ನಾಡಿ ಸಿಗುತ್ತಿದೆಯಾ, ಪಾದಕ್ಕೆ ಸ್ಪರ್ಶ ಇದೆಯಾ, ರಕ್ತನಾಳ ಉಬ್ಬಿದೆಯಾ ಅಂತ ಡಾಕ್ಟರು ಒಂದು ಸಲವಾದರೂ ನೋಡಿರಬೇಕು.

ಈಗ ಸೋಂಕು ಇದೆಯಾ? ಕೀವು, ಕೆಟ್ಟ ವಾಸನೆ, ಹುಣ್ಣಿನ ಸುತ್ತ ಕೆಂಪು, ಬಿಸಿ, ಊತ, ಮೊದಲಿಗಿಂತ ಜಾಸ್ತಿ ನೋವು, ಮುಟ್ಟಿದರೆ ರಕ್ತ ಬರುವುದು. ಇವು ಸೋಂಕಿನ ಗುರುತು. ಶುಗರ್ ಇರುವವರಿಗೆ ಪಾದದ ನರ ಸತ್ತಿದ್ದರೆ ನೋವೇ ಗೊತ್ತಾಗುವುದಿಲ್ಲ. ಅವರಲ್ಲಿ ಕಣ್ಣಿಗೆ ಕಾಣುವುದನ್ನು, ಮೂಗಿಗೆ ಬಡಿಯುವುದನ್ನು ನಂಬಬೇಕು.

ಎಷ್ಟು ಸೋರುತ್ತಿದೆ? ಬೆಳಗ್ಗೆ ಕಟ್ಟಿದ ಬ್ಯಾಂಡೇಜ್ ಸಂಜೆಗೆ ನೆನೆದು ಹೋಗುತ್ತಿದೆಯೋ, ಬಿಚ್ಚುವಾಗ ಗಾಯಕ್ಕೆ ಒಣಗಿ ಅಂಟಿಕೊಂಡಿರುತ್ತದೋ?

ತಳದ ಬಣ್ಣ ಏನು? ಕೆಂಪು, ಹರಳುಹರಳಾಗಿದ್ದರೆ ಹೊಸ ಮಾಂಸ ಬೆಳೆಯುತ್ತಿದೆ. ಹಳದಿ ಲೋಳೆ ಇದ್ದರೆ ಕೊಳೆ ಕೂತಿದೆ. ಕಪ್ಪಾಗಿದ್ದರೆ ಆ ಭಾಗ ಸತ್ತಿದೆ. ಒಂದೇ ಹುಣ್ಣು ಒಂದು ತಿಂಗಳಲ್ಲಿ ಈ ಮೂರೂ ಬಣ್ಣ ತೋರಿಸಬಹುದು. ಆದ್ದರಿಂದಲೇ ಮೊದಲ ದಿನದ ಮುಲಾಮನ್ನು ಕೊನೆಯವರೆಗೂ ಹಚ್ಚುವುದು ತಪ್ಪು.

ರೋಗಿಗೆ ಥೈರಾಯ್ಡ್ ಇದೆಯಾ, ಕಿಡ್ನಿ ತೊಂದರೆ ಇದೆಯಾ, ಗರ್ಭಿಣಿಯಾ, ಯಾವುದಾದರೂ ಔಷಧಿ ಅಲರ್ಜಿ ಇದೆಯಾ? ಇದನ್ನು ಕೇಳದೆ ಅಯೋಡಿನ್ ಶುರು ಮಾಡಬಾರದು.

ಕೊನೆಯದು, ಮನೆಯಲ್ಲಿ ಕಟ್ಟುವವರು ಯಾರು? ಮಗಳು ಕೆಲಸಕ್ಕೆ ಹೋಗುತ್ತಾಳೆ, ಅಮ್ಮನಿಗೆ ಬಗ್ಗಲು ಆಗಲ್ಲ ಅಂದರೆ ದಿನಕ್ಕೆ ಎರಡು ಸಲ ಹಚ್ಚುವ ಅಗ್ಗದ ಕ್ರೀಮ್‌ಗಿಂತ ಮೂರು ದಿನಕ್ಕೊಮ್ಮೆ ಬದಲಾಯಿಸುವ ದುಬಾರಿ ಡ್ರೆಸಿಂಗೇ ಹೊಂದಬಹುದು.

ಪೊವಿಡೋನ್ ಅಯೋಡಿನ್ ಮುಲಾಮು

ಹಿಂದಿನ ತಲೆಮಾರಿಗೆ ಟಿಂಚರ್ ನೆನಪಿದ್ದೇ ಇರುತ್ತದೆ. ಮೊಣಕಾಲು ತರಚಿದ ಮಕ್ಕಳು ಅದರ ಉರಿಗೆ ಕುಣಿದಾಡುತ್ತಿದ್ದರು. ಅದೂ ಅಯೋಡಿನ್ನೇ, ಸ್ಪಿರಿಟ್ಟಿನಲ್ಲಿ ಕರಗಿಸಿದ್ದು. 1955ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಶೆಲಾನ್ಸ್ಕಿ ಎಂಬವರು ಅಯೋಡಿನ್ ಅನ್ನು ಪೊವಿಡೋನ್ ಎಂಬ ವಸ್ತುವಿಗೆ ಕಟ್ಟಿಹಾಕುವ ದಾರಿ ಕಂಡುಹಿಡಿದರು. ಪೊವಿಡೋನ್ ಹಿಡಿದಿಟ್ಟುಕೊಂಡ ಅಯೋಡಿನ್ ಸ್ವಲ್ಪ ಸ್ವಲ್ಪವೇ ಹೊರಬರುತ್ತದೆ. ಹಾಗಾಗಿ ಉರಿ ಕಡಿಮೆ, ಕಲೆಯೂ ತೊಳೆದರೆ ಹೋಗುತ್ತದೆ.

ನಮ್ಮ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ 5 ಶೇಕಡಾ ಮತ್ತು 10 ಶೇಕಡಾ ಮುಲಾಮು. 10 ಶೇಕಡಾ ಅಂದರೆ ಅದರಲ್ಲಿ ಕೆಲಸಕ್ಕೆ ಬರುವ ಅಯೋಡಿನ್ ಸುಮಾರು 1 ಶೇಕಡಾ. ಗಾಬರಿಯಾಗಬೇಡಿ, ಅಷ್ಟೇ ಸಾಕು.

ಇದರ ದೊಡ್ಡ ಗುಣ ಅಂದರೆ ಬ್ಯಾಕ್ಟೀರಿಯಾ, ಶಿಲೀಂಧ್ರ, ವೈರಸ್ ಮೂರನ್ನೂ ಕೊಲ್ಲುತ್ತದೆ. ಆ್ಯಂಟಿಬಯಾಟಿಕ್ ಮುಲಾಮುಗಳ ವಿರುದ್ಧ ಕ್ರಿಮಿಗಳು ಬಲ ಬೆಳೆಸಿಕೊಂಡ ಹಾಗೆ ಅಯೋಡಿನ್ ವಿರುದ್ಧ ಬೆಳೆಸಿಕೊಂಡದ್ದು ತೀರಾ ಅಪರೂಪ. ಎಲ್ಲ ಊರಲ್ಲೂ ಸಿಗುತ್ತದೆ. ಜನೌಷಧಿ ಕೇಂದ್ರದಲ್ಲಿ ಇನ್ನೂ ಕಡಿಮೆ ಬೆಲೆಗೆ ಸಿಗುತ್ತದೆ. ಹೆಸರಾಂತ ಕಂಪನಿಯದೇ ಆಗಬೇಕೆಂದೇನಿಲ್ಲ. ಟ್ಯೂಬಿನ ಮೇಲೆ ಪೊವಿಡೋನ್ ಅಯೋಡಿನ್ ಎಂದೂ ಶೇಕಡಾ ಎಷ್ಟು ಎಂದೂ ಬರೆದಿದ್ದರೆ ಸಾಕು.

ಇನ್ನು ಅದರ ಮಿತಿಗಳು. ಕೀವು, ರಕ್ತ, ಕೊಳೆ ತಾಗಿದರೆ ಅಯೋಡಿನ್ ಬೇಗ ಖರ್ಚಾಗಿ ಹೋಗುತ್ತದೆ. ಹುಣ್ಣನ್ನು ತೊಳೆಯದೆ ಮೇಲಿಂದ ಮೇಲೆ ಮುಲಾಮು ಬಳಿದರೆ ಅದು ಕೀವಿನಲ್ಲೇ ಮುಗಿಯುತ್ತದೆ, ತಳಕ್ಕೆ ತಲುಪುವುದೇ ಇಲ್ಲ. ಕಂದು ಬಣ್ಣ ಮಾಸಿ ಬಿಳಿಚಿಕೊಂಡಿದ್ದರೆ ಒಳಗಿನ ಅಯೋಡಿನ್ ಮುಗಿದಿದೆ ಅಂತ ಅರ್ಥ. ಬಿಚ್ಚಿದಾಗ ಬಣ್ಣ ಇನ್ನೂ ಗಾಢವಾಗಿದ್ದರೆ ಸೋರಿಕೆ ಕಡಿಮೆ, ಅಷ್ಟು ಬೇಗ ಬದಲಾಯಿಸಬೇಕಾಗಿರಲಿಲ್ಲ. ಈ ಬಣ್ಣ ನೋಡುವ ಅಭ್ಯಾಸ ಮಾಡಿಕೊಳ್ಳಿ. ಬಹಳ ಉಪಯೋಗಕ್ಕೆ ಬರುತ್ತದೆ.

ಎರಡನೇ ಮಿತಿ, ಹೊಸ ಮಾಂಸ. ಪ್ರಯೋಗಾಲಯದಲ್ಲಿ ಅಯೋಡಿನ್ ಕ್ರಿಮಿಗಳ ಜೊತೆ ಗಾಯ ತುಂಬುವ ಜೀವಕೋಶಗಳಿಗೂ ಪೆಟ್ಟು ಕೊಡುತ್ತದೆ. ಮನುಷ್ಯರ ಮೇಲೆ ಅದೇ ರೀತಿ ಆಗುತ್ತದೆಯೇ ಎಂಬುದರಲ್ಲಿ ಅಧ್ಯಯನಗಳು ಒಂದೇ ಮಾತು ಹೇಳಿಲ್ಲ. ನನ್ನ ನಿಲುವು ಹೀಗೆ: ಸೋಂಕಿರುವಾಗ ಆ ಅಪಾಯ ತೆಗೆದುಕೊಳ್ಳಬಹುದು, ಏಕೆಂದರೆ ಸೋಂಕು ಅದಕ್ಕಿಂತ ಕೆಟ್ಟದ್ದು. ತಳ ಕೆಂಪಾಗಿ, ವಾಸನೆ ಹೋಗಿ, ಸೋರಿಕೆ ಇಳಿದ ಮೇಲೆ ಆ ಅಪಾಯಕ್ಕೆ ಯಾವ ಕಾರಣವೂ ಇಲ್ಲ. ಆಗ ನಿಲ್ಲಿಸಿ. ಎರಡು ವಾರ ಹಚ್ಚಿದ ಮೇಲೆ ಒಂದು ಸಲ ನಿಂತು ನೋಡಲೇಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯ, ಆದರೂ ಇದನ್ನೇ ಯಾರೂ ಹೇಳುವುದಿಲ್ಲ. ತೆರೆದ ಹುಣ್ಣಿನ ಮೂಲಕ ಅಯೋಡಿನ್ ರಕ್ತಕ್ಕೆ ಸೇರುತ್ತದೆ. ಹುಣ್ಣು ದೊಡ್ಡದಾದಷ್ಟೂ, ದಿನ ಜಾಸ್ತಿಯಾದಷ್ಟೂ ಸೇರುವುದು ಜಾಸ್ತಿ. ಥೈರಾಯ್ಡ್ ಗ್ರಂಥಿಗೆ ಅಯೋಡಿನ್ನೇ ಕಚ್ಚಾಮಾಲು. ಅದು ಒಮ್ಮೆಲೇ ಹೆಚ್ಚಾದರೆ ಕೆಲವರಲ್ಲಿ ಥೈರಾಯ್ಡ್ ಕೆರಳುತ್ತದೆ, ಕೆಲವರಲ್ಲಿ ಕುಗ್ಗುತ್ತದೆ. ಮಲೆನಾಡು, ಕೊಡಗಿನ ಕಡೆಯ ಹಿರಿಯರಲ್ಲಿ ಗಳಗಂಡ ಇರುವವರು ಈಗಲೂ ಸಿಗುತ್ತಾರೆ. ಅಂಥವರಿಗೆ ಡಾಕ್ಟರನ್ನು ಕೇಳದೆ ವಾರಗಟ್ಟಲೆ ಹಚ್ಚಬೇಡಿ. ಅಯೋಡಿನ್ ಮೈಯಿಂದ ಹೊರಹೋಗುವುದು ಮೂತ್ರದಲ್ಲಿ. ಆದ್ದರಿಂದ ಕ್ರಿಯಾಟಿನಿನ್ (ಕಿಡ್ನಿ ಸೋತಾಗ ರಕ್ತದಲ್ಲಿ ಏರುವ ಅಂಶ) ಜಾಸ್ತಿ ಇರುವವರಿಗೆ, ಡಯಾಲಿಸಿಸ್‌ನಲ್ಲಿ ಇರುವವರಿಗೂ ಇದೇ ಎಚ್ಚರಿಕೆ. ಶುಗರ್ ರೋಗಿಗಳಲ್ಲಿ ಎಷ್ಟೋ ಜನಕ್ಕೆ ಕಿಡ್ನಿಯೂ ಸೋತಿರುತ್ತದೆ, ಅಲ್ವಾ? ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಎಳೆ ಶಿಶುಗಳು, ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು, ಥೈರಾಯ್ಡ್‌ಗೆ ರೇಡಿಯೋ ಅಯೋಡಿನ್ ಚಿಕಿತ್ಸೆ ಆಗಬೇಕಾದವರು, ಇವರೆಲ್ಲ ಬೇರೆ ದಾರಿ ನೋಡುವುದು ಒಳ್ಳೆಯದು.

ಜೊತೆಗೆ ಇದನ್ನೂ ನೆನಪಿಡಿ: ಅಯೋಡಿನ್ ಇರುವ ಕಡೆ ಸಿಲ್ವರ್ ಕ್ರೀಮ್, ಹೈಡ್ರೋಜನ್ ಪೆರಾಕ್ಸೈಡ್, ಸತ್ತ ಮಾಂಸ ಕರಗಿಸುವ ಕೊಲ್ಯಾಜಿನೇಸ್ ಮುಲಾಮು ಯಾವುದನ್ನೂ ಸೇರಿಸಬೇಡಿ. ಒಂದರ ಕೆಲಸ ಇನ್ನೊಂದು ಕೆಡಿಸುತ್ತದೆ.

ಕ್ಯಾಡೆಕ್ಸೊಮರ್ ಅಯೋಡಿನ್: ದುಬಾರಿಯ ಅಣ್ಣ

ಇದೂ ಅಯೋಡಿನ್ನೇ, ಆದರೆ ಪಿಷ್ಟದಿಂದ ಮಾಡಿದ ಸಣ್ಣ ಮಣಿಗಳೊಳಗೆ ಕೂಡಿಸಿರುತ್ತಾರೆ. ಪ್ರಮಾಣ 0.9 ಶೇಕಡಾ. ಮಣಿಗಳು ಹುಣ್ಣಿನ ನೀರನ್ನು ಹೀರಿ ಉಬ್ಬುತ್ತವೆ, ಉಬ್ಬುತ್ತಾ ಅಯೋಡಿನ್ ಬಿಡುತ್ತವೆ. ತಮ್ಮ ತೂಕದ ಹಲವು ಪಟ್ಟು ನೀರು ಹೀರುವ ಶಕ್ತಿ ಅವಕ್ಕಿದೆ. ನೀರಿನ ಜೊತೆಗೆ ಹಳದಿ ಲೋಳೆಯೂ ಎದ್ದು ಬರುತ್ತದೆ. ಮಾಮೂಲಿ ಮುಲಾಮು ಇದನ್ನು ಮಾಡಲಾರದು.

ವೆರಿಕೋಸ್ ಹುಣ್ಣುಗಳಿಗೆ ಯಾವ ಕ್ರಿಮಿನಾಶಕ ಉಪಯೋಗ ಎಂದು 2014ರಲ್ಲಿ ಕೊಕ್ರೇನ್ ಸಂಸ್ಥೆ ಆವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿತು. ಕ್ಯಾಡೆಕ್ಸೊಮರ್ ಅಯೋಡಿನ್ ಪರವಾಗಿ ಒಂದಿಷ್ಟು ಪುರಾವೆ ಸಿಕ್ಕಿತು. ಮಾಮೂಲಿ ಪೊವಿಡೋನ್ ಅಯೋಡಿನ್ ಪರವಾಗಿ ಸಾಕಷ್ಟು ಸಿಗಲಿಲ್ಲ. ಹಾಗಾಗಿ ಕಾಲಿನ ಹುಣ್ಣು ತುಂಬ ಸೋರುತ್ತಿದೆ, ತಳದಲ್ಲಿ ಹಳದಿ ಕೂತಿದೆ, ವಾಸನೆಯೂ ಇದೆ ಅನ್ನುವ ಸಂದರ್ಭದಲ್ಲಿ ನಾನು ಇದರ ಪರ.

ಬೆಲೆ ಮಾಮೂಲಿ ಮುಲಾಮಿನ ಹಲವು ಪಟ್ಟು. ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ, ತರಿಸಬೇಕು. ಆದರೆ ವಾರಕ್ಕೆ ಸುಮಾರು ಮೂರು ಸಲ ಬದಲಾಯಿಸಿದರೆ ಸಾಕು. ದಿನಾ ಕಟ್ಟುವ ಗಾಜ್ ಬಟ್ಟೆ, ಬ್ಯಾಂಡೇಜ್, ಡ್ರೆಸಿಂಗ್ ಮಾಡುವವರ ಕೂಲಿ, ಆಟೋ ಬಾಡಿಗೆ ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಕೆಲವರಿಗೆ ಅಂತರ ಅಷ್ಟೇನೂ ಇರುವುದಿಲ್ಲ. ಒಂದು ಸಲಕ್ಕೆ 50 ಗ್ರಾಂ, ವಾರಕ್ಕೆ 150 ಗ್ರಾಂ, ಒಟ್ಟು ಮೂರು ತಿಂಗಳು. ಇದು ಮೀರಬಾರದ ಗೆರೆ. ಥೈರಾಯ್ಡ್, ಕಿಡ್ನಿ ಎಚ್ಚರಿಕೆ ಇದಕ್ಕೂ ಹಾಗೇ ಇದೆ. ಒಣ ಹುಣ್ಣಿಗೆ ಇದು ಬೇಡವೇ ಬೇಡ. ಹೀರಲು ನೀರೇ ಇಲ್ಲದಿದ್ದರೆ ಮಣಿಗಳು ಗಟ್ಟಿಯಾಗಿ ಅಂಟಿಕೊಂಡು ತೆಗೆಯುವಾಗ ನೋಯುತ್ತದೆ.

ಆಸ್ಪತ್ರೆಗಳಲ್ಲಿ ಸಕ್ಕರೆ ಮತ್ತು ಪೊವಿಡೋನ್ ಅಯೋಡಿನ್ ಕಲಸಿ ಹಾಕುವುದನ್ನು ಕೆಲವರು ನೋಡಿರಬಹುದು. ಸಕ್ಕರೆ ನೀರು ಹೀರುತ್ತದೆ, ಅಯೋಡಿನ್ ಕ್ರಿಮಿ ಕೊಲ್ಲುತ್ತದೆ. ಜಪಾನಿನಲ್ಲಿ ಇದೇ ಮಿಶ್ರಣ 70 ಶೇಕಡಾ ಸಕ್ಕರೆ, 3 ಶೇಕಡಾ ಪೊವಿಡೋನ್ ಅಯೋಡಿನ್ ಇರುವ ತಯಾರು ಔಷಧಿಯಾಗಿಯೇ ಸಿಗುತ್ತದೆ. ಬಡ ರೋಗಿಗಳ ಪಾಲಿಗೆ ಒಳ್ಳೆಯ ದಾರಿ. ಆದರೆ ಅಡುಗೆಮನೆಯ ಸಕ್ಕರೆ ಡಬ್ಬ ತೆಗೆದು ನೀವೇ ಕಲಸಬೇಡಿ. ಅದನ್ನು ವಾರ್ಡಿನ ನರ್ಸ್ ಮಾಡಲಿ.

ಉಪ್ಪುನೀರು ಮತ್ತು ಅಂಟದ ಸಾದಾ ಬಟ್ಟೆ

ಸೋಂಕಿಲ್ಲದ, ಕೆಂಪು ತಳದ ಹುಣ್ಣಿಗೆ ನನ್ನ ಮೊದಲ ಆಯ್ಕೆ ಇದು. ಇದನ್ನು ಹೇಳಿದರೆ ಮನೆಯವರ ಮುಖ ಬಾಡುತ್ತದೆ. ಔಷಧವೇ ಹಾಕದೆ ಹೇಗೆ ವಾಸಿಯಾಗುತ್ತದೆ ಅನ್ನುವ ಭಯ. ಮೇಲೆ ಹೇಳಿದ 317 ಜನರ ಅಧ್ಯಯನ ನೆನಪಿಸಿಕೊಳ್ಳಿ.

ಒಂದು ಲೀಟರ್ ನೀರು ಚೆನ್ನಾಗಿ ಕುದಿಸಿ, 9 ಗ್ರಾಂ ಉಪ್ಪು ಹಾಕಿ, ಆರಿಸಿ, ಅದೇ ದಿನ ಬಳಸಿ ಮುಗಿಸಿ. ಅಂಗಡಿಯ ಸಲೈನ್ ಬಾಟಲಿ ಆದರೂ ಸರಿ. ಅದರಿಂದ ಹುಣ್ಣನ್ನು ಧಾರಾಳವಾಗಿ ತೊಳೆಯಿರಿ. ಮೇಲೆ ಪ್ಯಾರಾಫಿನ್ ಹಚ್ಚಿದ ಜಾಲರಿ ಬಟ್ಟೆ, ಅದರ ಮೇಲೆ ಗಾಜ್, ಆಮೇಲೆ ಬ್ಯಾಂಡೇಜ್. ಬಿಚ್ಚುವಾಗ ಅಂಟಿದರೆ ಎಳೆಯಬೇಡಿ, ಉಪ್ಪುನೀರು ಹಾಕಿ ನೆನೆಸಿ ತೆಗೆಯಿರಿ. ಒಣ ಗಾಜ್ ಎಳೆದು ಕಿತ್ತಾಗ ಬರುವ ರಕ್ತ ಹೊಸ ಮಾಂಸದ್ದು.

ನಮ್ಮ ಕಡೆ ಗಾಯ ಗಾಳಿಗೆ ಬಿಟ್ಟು ಒಣಗಿಸಬೇಕು, ನೀರು ಸೋಕಿಸಬಾರದು ಎಂಬ ನಂಬಿಕೆ ಗಟ್ಟಿಯಾಗಿದೆ. 1962ರಲ್ಲೇ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲಿನ ಪ್ರಯೋಗದಲ್ಲಿ, ಮುಚ್ಚಿ ತೇವವಾಗಿಟ್ಟ ಗಾಯದಲ್ಲಿ ಹೊಸ ಚರ್ಮ ಬೇಗ ಬೆಳೆಯುವುದನ್ನು ತೋರಿಸಿದರು. ಹುಣ್ಣು ತೊಟ್ಟಿಕ್ಕುವಷ್ಟು ಒದ್ದೆ ಇರಬಾರದು, ಬಿರಿಯುವಷ್ಟು ಒಣಗಲೂ ಬಾರದು. ಸ್ವಲ್ಪ ಪಸೆ ಇರಬೇಕು.

ಇದಕ್ಕೆ ಒಂದು ವಿನಾಯಿತಿ ಇದೆ. ಕಾಲಿಗೆ ರಕ್ತ ಹರಿಯುವುದೇ ಕಡಿಮೆಯಾಗಿ ಬೆರಳು ಅಥವಾ ಹಿಮ್ಮಡಿ ಕಪ್ಪಾಗಿ ಒಣಗಿದ್ದರೆ ಅದನ್ನು ನೆನೆಸಬೇಡಿ, ಕೀಳಬೇಡಿ. ಒಣಗಿಯೇ ಇರಲಿ. ಅಲ್ಲಿ ಮುಲಾಮು ಬೇಡ, ಪೊವಿಡೋನ್ ಅಯೋಡಿನ್ ದ್ರಾವಣವನ್ನು ತೆಳುವಾಗಿ ಬಳಿದು ಒಣ ಗಾಜ್ ಇಡುವುದು ರೂಢಿ. ಅಷ್ಟು ಮಾಡಿ, ರಕ್ತನಾಳದ ಡಾಕ್ಟರ ಹತ್ತಿರ ಬೇಗ ಕರೆದೊಯ್ಯಿರಿ.

ಉಳಿದ ಟ್ಯೂಬ್‌ಗಳು

ಸಿಲ್ವರ್ ಸಲ್ಫಡಯಾಜಿನ್ 1 ಶೇಕಡಾ ಕ್ರೀಮ್ ಹುಟ್ಟಿದ್ದು ಸುಟ್ಟ ಗಾಯಗಳಿಗಾಗಿ, 1960ರ ದಶಕದಲ್ಲಿ. ಬಿಳಿ, ತಂಪು, ಉರಿಯಿಲ್ಲ. ಥೈರಾಯ್ಡ್ ಕಾರಣಕ್ಕೆ ಅಯೋಡಿನ್ ಆಗದವರಿಗೆ ಸೋಂಕಿನ ಸಮಯದಲ್ಲಿ ಕೆಲವು ದಿನಕ್ಕೆ ಡಾಕ್ಟರು ಇದನ್ನು ಬರೆಯುವುದುಂಟು. ಸಲ್ಫಾ ಅಲರ್ಜಿ ಇರುವವರಿಗೆ ಬೇಡ. ಇನ್ನೊಂದು ತೊಡಕಿದೆ: ಎರಡು ಮೂರು ದಿನದಲ್ಲಿ ಹುಣ್ಣಿನ ಮೇಲೆ ಬಿಳಿ ಹಳದಿ ಪೊರೆ ಕಟ್ಟುತ್ತದೆ. ಅದು ಕೀವಿನ ಹಾಗೇ ಕಾಣುತ್ತದೆ. ಕಡಿಮೆಯಾಗುತ್ತಿದೆಯೋ ಹೆಚ್ಚುತ್ತಿದೆಯೋ ಮನೆಯವರಿಗೆ ತಿಳಿಯುವುದೇ ಇಲ್ಲ.

ಮುಪಿರೋಸಿನ್, ಸೋಫ್ರಾಮೈಸಿನ್, ನಿಯೋಸ್ಪೋರಿನ್ ಇವೆಲ್ಲ ಆ್ಯಂಟಿಬಯಾಟಿಕ್ ಮುಲಾಮುಗಳು. ತರಚು ಗಾಯಕ್ಕೆ, ಸಣ್ಣ ಕುರುವಿಗೆ ಸರಿ. ತಿಂಗಳುಗಟ್ಟಲೆಯ ಹುಣ್ಣಿಗೆ ನಾನು ಬೇಡ ಅನ್ನುತ್ತೇನೆ. ಮುಪಿರೋಸಿನ್ ಅನ್ನು ಹತ್ತು ದಿನದ ಮೇಲೆ ಎಳೆಯಬಾರದು. ಕ್ರಿಮಿಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ, ಆಮೇಲೆ ನಿಜವಾಗಿ ಬೇಕಾದಾಗ ಅದು ಕೆಲಸ ಮಾಡುವುದಿಲ್ಲ. ಇನ್ನೆರಡರ ವರ್ಗಕ್ಕೆ ಸೇರಿದ ಔಷಧಿಗಳಿಂದ ಹುಣ್ಣಿನ ಸುತ್ತ ತುರಿಕೆ, ಕೆಂಪು ಬರುವುದು ಸಾಮಾನ್ಯ. ಅದನ್ನು ಸೋಂಕು ಅಂದುಕೊಂಡು ಇನ್ನಷ್ಟು ಹಚ್ಚುತ್ತಾರೆ.

ಜೇನುತುಪ್ಪದ ಬಗ್ಗೆ ಎರಡು ಮಾತು. ಗಾಯಕ್ಕೆಂದೇ ಗಾಮಾ ಕಿರಣ ಹಾಯಿಸಿ ಶುದ್ಧ ಮಾಡಿದ ಜೇನು ಬೇರೆ, ಡಬ್ಬದ ಜೇನು ಬೇರೆ. ಕೊಡಗಿನಿಂದ ತಂದ ಅಪ್ಪಟ ಜೇನಾದರೂ ಅದರಲ್ಲಿ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು. ಶುದ್ಧ ಮಾಡಿದ ಜೇನು ಮೇಲ್ಪದರದ ಸುಟ್ಟ ಗಾಯಕ್ಕೆ ಒಳ್ಳೆಯದೇ. ಆದರೆ ನ್ಯೂಜಿಲೆಂಡಿನಲ್ಲಿ ವೆರಿಕೋಸ್ ಹುಣ್ಣಿದ್ದ 368 ಜನರ ಮೇಲೆ ಅದನ್ನು ಪರೀಕ್ಷಿಸಿದಾಗ 12 ವಾರದ ಕೊನೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ನೋವು ಹೇಳಿದವರು ಜೇನಿನ ಗುಂಪಿನಲ್ಲೇ ಜಾಸ್ತಿ.

ಫೋಮ್, ಹೈಡ್ರೋಕೊಲಾಯ್ಡ್ ಅನ್ನುವ ಅಂಟಿಸುವ ಡ್ರೆಸಿಂಗ್‌ಗಳಿಗೆ ಒಂದಕ್ಕೇ ಕೆಲವು ನೂರು ರೂಪಾಯಿ ಆಗುತ್ತದೆ. ಒಂದು ಸಲ ಹಾಕಿದರೆ ಮೂರರಿಂದ ಏಳು ದಿನ ಇರುತ್ತವೆ. ಹಾಸಿಗೆ ಹಿಡಿದವರ ಸೊಂಟದ ಹುಣ್ಣಿಗೆ, ಕಟ್ಟುವವರು ಇಲ್ಲದ ಮನೆಗೆ ಇವು ವರ. ಸೋಂಕಿರುವ ಹುಣ್ಣಿನ ಮೇಲೆ ಗಾಳಿಯಾಡದ ಡ್ರೆಸಿಂಗ್ ಅಂಟಿಸಿ ವಾರ ಬಿಡುವುದು ಮಾತ್ರ ಅಪಾಯ.

ಇನ್ನು ಅರಿಶಿನ, ಕಾಫಿ ಪುಡಿ, ಸುಣ್ಣ, ಬೂದಿ, ಬೇವಿನ ಅರೆ. ದಯವಿಟ್ಟು ತೆರೆದ ಹುಣ್ಣಿಗೆ ಹಾಕಬೇಡಿ. ಪುಡಿ ತಳದಲ್ಲಿ ಕಚ್ಚಿಕೊಳ್ಳುತ್ತದೆ, ತೊಳೆದರೂ ಬರುವುದಿಲ್ಲ, ಧನುರ್ವಾಯುವಿನ ಬೀಜಾಣು ಒಳಗೆ ಹೋಗಲು ದಾರಿ ಆಗುತ್ತದೆ. ಸ್ಪಿರಿಟ್, ಡೆಟಾಲ್, ಪೆರಾಕ್ಸೈಡ್‌ನಿಂದ ದಿನಾ ತೊಳೆಯುವುದೂ ಬೇಡ.

ಯಾವ ಹುಣ್ಣಿಗೆ ದುಡ್ಡು ಎಲ್ಲಿ ಹಾಕಬೇಕು

*ಕಣಕಾಲಿನ ವೆರಿಕೋಸ್ ಹುಣ್ಣು.* ದಿನವಿಡೀ ನಿಂತು ಕೆಲಸ ಮಾಡುವ ಹೋಟೆಲ್ ಅಡುಗೆಯವರು, ಕಂಡಕ್ಟರುಗಳು, ಟ್ರಾಫಿಕ್ ಪೊಲೀಸರಲ್ಲಿ ಇದು ಹೆಚ್ಚು. ಕಾಲಿನ ರಕ್ತ ಮೇಲೆ ಹೋಗದೆ ಕೆಳಗೇ ನಿಂತು, ಚರ್ಮ ಕಪ್ಪಾಗಿ ಒಡೆಯುತ್ತದೆ. ಇದನ್ನು ವಾಸಿ ಮಾಡುವುದು ಬಿಗಿ ಕಟ್ಟು. ಪದರ ಪದರವಾಗಿ ಪಾದದಿಂದ ಮೊಣಕಾಲಿನವರೆಗೆ ಕಟ್ಟುವ ಒತ್ತಡದ ಬ್ಯಾಂಡೇಜ್. ಮಾಮೂಲಿ ಕ್ರೇಪ್ ಬ್ಯಾಂಡೇಜ್ ಕೆಲವೇ ಗಂಟೆಯಲ್ಲಿ ಸಡಿಲವಾಗುತ್ತದೆ, ಅದು ಸಾಲದು. ಕೈಯಲ್ಲಿ ಸಾವಿರ ರೂಪಾಯಿ ಇದ್ದರೆ ಒಂಬೈನೂರು ಬ್ಯಾಂಡೇಜಿಗೆ ಹಾಕಿ, ನೂರು ಮುಲಾಮಿಗೆ. ಕಟ್ಟುವ ಮೊದಲು ಕಾಲಿನ ಶುದ್ಧ ರಕ್ತದ ಹರಿವು ಸರಿ ಇದೆಯೇ ಎಂದು ಪರೀಕ್ಷೆ ಆಗಲೇಬೇಕು. ಕೈ ಮತ್ತು ಕಾಲಿನ ಬಿಪಿ ಹೋಲಿಸಿ ನೋಡುವ ಸರಳ ಪರೀಕ್ಷೆ ಅದು. ಹರಿವು ಕಡಿಮೆ ಇರುವ ಕಾಲನ್ನು ಬಿಗಿದರೆ ಕಾಲಿಗೇ ಕುತ್ತು. ವಾಸಿಯಾದ ಮೇಲೆ ರಕ್ತನಾಳದ ಚಿಕಿತ್ಸೆ ಮಾಡಿಸದಿದ್ದರೆ, ಕಾಲುಚೀಲ ಹಾಕದಿದ್ದರೆ ಹುಣ್ಣು ಮತ್ತೆ ಬರುತ್ತದೆ.

*ಸಕ್ಕರೆ ಕಾಯಿಲೆಯ ಅಂಗಾಲಿನ ಹುಣ್ಣು.* ಇಲ್ಲಿ ಬೇಕಾದ್ದು ಆ ಜಾಗದ ಮೇಲೆ ಭಾರ ಬೀಳದಂತೆ ಮಾಡುವುದು. ಇದನ್ನು ನಮಗೆ ಕಲಿಸಿದ್ದು ಕುಷ್ಠರೋಗಿಗಳ ಪಾದಗಳು. ವೆಲ್ಲೂರಿನಲ್ಲಿ 1940ರ ದಶಕದ ಕೊನೆಯಿಂದ ಕೆಲಸ ಮಾಡಿದ ಡಾ. ಪಾಲ್ ಬ್ರ್ಯಾಂಡ್ ಮತ್ತು ಅವರ ಜೊತೆಯವರು ಒಂದು ದೊಡ್ಡ ತಪ್ಪು ತಿಳಿವಳಿಕೆ ಅಳಿಸಿದರು. ಕುಷ್ಠದಿಂದ ಮಾಂಸ ತಾನಾಗೇ ಕೊಳೆಯುವುದಿಲ್ಲ, ನೋವು ಗೊತ್ತಾಗದೆ ಅದೇ ಜಾಗವನ್ನು ತುಳಿಯುತ್ತಲೇ ಇರುವುದರಿಂದ ಹುಣ್ಣಾಗುತ್ತದೆ ಎಂದು ತೋರಿಸಿದರು. ಪಾದಕ್ಕೆ ಪ್ಲಾಸ್ಟರ್ ಹಾಕಿ ಭಾರ ಹಂಚಿದಾಗ ಹುಣ್ಣುಗಳು ಮುಚ್ಚಿದವು. ಅದೇ ವಿಧಾನ ಮುಂದೆ ಮಧುಮೇಹದ ಪಾದಕ್ಕೂ ಬಂತು. ಆದ್ದರಿಂದ ನಿಮ್ಮ ಡಾಕ್ಟರನ್ನು ಕೇಳಬೇಕಾದ ಮೊದಲ ಪ್ರಶ್ನೆ "ಯಾವ ಮುಲಾಮು?" ಅಲ್ಲ. "ಪ್ಲಾಸ್ಟರ್ ಹಾಕಬಹುದಾ, ಎಂಥ ಚಪ್ಪಲಿ ಹಾಕಬೇಕು?" ಅಂತ ಕೇಳಿ. ಮೆದು ಅಟ್ಟೆಯ ಎಂಸಿಆರ್ (ಸಣ್ಣ ರಂಧ್ರಗಳಿರುವ ರಬ್ಬರಿನ) ಚಪ್ಪಲಿಗೆ ದುಡ್ಡು ಹಾಕಿ. ಕುಷ್ಠರೋಗದಿಂದ ಪಾದ ಮರಗಟ್ಟಿದವರಿಗೆ ಸರ್ಕಾರದ ಕುಷ್ಠ ನಿರ್ಮೂಲನಾ ಕಾರ್ಯಕ್ರಮದಲ್ಲಿ ಇದು ಉಚಿತವಾಗಿ ಸಿಗುತ್ತದೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಇಂಥ ಹುಣ್ಣಿಗೆ ಅಯೋಡಿನ್ ಸೋಂಕಿರುವ ದಿನಗಳಿಗೆ ಮಾತ್ರ. ಕೆಂಪು ಹರಡುತ್ತಿದ್ದರೆ ಮುಲಾಮಿನಿಂದ ಆಗುವುದಿಲ್ಲ, ಮಾತ್ರೆ ಅಥವಾ ಇಂಜೆಕ್ಷನ್ ಬೇಕು.

*ಹಾಸಿಗೆ ಹುಣ್ಣು.* ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುವುದು, ಗಾಳಿ ಹಾಸಿಗೆ, ಮಲಮೂತ್ರ ತಾಗದಂತೆ ನೋಡಿಕೊಳ್ಳುವುದು. ಅಯೋಡಿನ್ ಇಲ್ಲಿ ಸೋಂಕಿಗೆ ಅಗ್ಗದ ಆಯ್ಕೆ. ಹುಣ್ಣು ಅಂಗೈಗಿಂತ ದೊಡ್ಡದಾಗಿದ್ದರೆ ರಕ್ತಕ್ಕೆ ಸೇರುವ ಪ್ರಮಾಣ ನೆನಪಿಡಿ, ಡಾಕ್ಟರು ಹೇಳಿದಷ್ಟೇ ದಿನ ಹಚ್ಚಿ.

ಎಲ್ಲ ಹುಣ್ಣಿಗೂ ಸೇರಿದ ಒಂದು ಮಾತು ಊಟದ್ದು. ನಂಜಾಗುತ್ತದೆ ಅಂತ ಮೊಟ್ಟೆ, ಮೀನು, ಬೇಳೆ, ಬದನೆಕಾಯಿ ಎಲ್ಲ ಬಿಡಿಸಿ ಬರೀ ಗಂಜಿ ಕೊಡುವ ಮನೆಗಳಿವೆ. ಹುಣ್ಣಿನಿಂದ ದಿನಾ ಪ್ರೋಟೀನ್ ಸೋರಿ ಹೋಗುತ್ತಿರುತ್ತದೆ. ತುಂಬಿಕೊಳ್ಳಲು ಅದೇ ಬೇಕು. ಕಿಡ್ನಿ ಡಾಕ್ಟರು ಬೇಡ ಅನ್ನದಿದ್ದರೆ ಮೊಟ್ಟೆ, ಬೇಳೆ, ಮೊಸರು, ಮೀನು ಕೊಡಿ.

ಅಯೋಡಿನ್ ಅಂತ ತೀರ್ಮಾನಿಸಿದರೆ

ಕೈ ತೊಳೆಯಿರಿ. ಹುಣ್ಣನ್ನು ಉಪ್ಪುನೀರಿನಲ್ಲಿ ತೊಳೆದು, ಸುತ್ತಲಿನ ಚರ್ಮ ಒತ್ತಿ ಒರೆಸಿ. ಮುಲಾಮನ್ನು ನೇರ ಹುಣ್ಣಿಗೆ ಹಿಂಡದೆ ಗಾಜ್ ಮೇಲೆ ತೆಳುವಾಗಿ ಸವರಿ ಇಡಿ. ದಪ್ಪ ಬಳಿದರೆ ಜಾಸ್ತಿ ಕೆಲಸ ಮಾಡುತ್ತದೆ ಅಂತೇನಿಲ್ಲ. ಸುತ್ತಲಿನ ಒಳ್ಳೆಯ ಚರ್ಮಕ್ಕೆ ವ್ಯಾಸಲಿನ್ ಹಚ್ಚಿದರೆ ಅದು ನೆನೆದು ಬೆಳ್ಳಗಾಗುವುದಿಲ್ಲ. ಸೋರಿಕೆ ಹೆಚ್ಚಿದ್ದರೆ ದಿನಕ್ಕೊಮ್ಮೆ ಬದಲಾಯಿಸಿ, ಇಳಿದ ಮೇಲೆ ದಿನ ಬಿಟ್ಟು ದಿನ ಸಾಕು. ಮೊದಲ ಸಲ ಹಚ್ಚುವಾಗ ಸ್ವಲ್ಪ ಉರಿ ಸಹಜ. ಉರಿ ನಿಲ್ಲದಿದ್ದರೆ, ಗುಳ್ಳೆ ಬಂದರೆ ತೊಳೆದುಬಿಡಿ. ನೀರಿನಲ್ಲೇ ಹೋಗುತ್ತದೆ.

ವಾರಕ್ಕೊಮ್ಮೆ ಹುಣ್ಣಿನ ಪಕ್ಕ ಅಳತೆಪಟ್ಟಿ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಉದ್ದ, ಅಗಲ ಬರೆದಿಡಿ. ದಿನಾ ನೋಡುವ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಫೋಟೋದಲ್ಲಿ ಗೊತ್ತಾಗುತ್ತದೆ. ಎರಡು ವಾರದಲ್ಲಿ ವಾಸನೆ, ಕೀವು ಹೋಗಿದ್ದರೆ ಅಯೋಡಿನ್ ನಿಲ್ಲಿಸಿ ಸಾದಾ ಡ್ರೆಸಿಂಗ್‌ಗೆ ಬನ್ನಿ. ಹೋಗಿಲ್ಲದಿದ್ದರೆ ಟ್ಯೂಬ್ ಬದಲಾಯಿಸುವುದಕ್ಕಿಂತ ಡಾಕ್ಟರಿಗೆ ತೋರಿಸುವುದು ಸರಿ. ಒಳಗೆ ಮೂಳೆಗೆ ಸೋಂಕು ಇಳಿದಿರಬಹುದು. ನಾಲ್ಕು ವಾರದಲ್ಲಿ ಶುಗರ್ ರೋಗಿಯ ಹುಣ್ಣಿನ ವಿಸ್ತೀರ್ಣ ಅರ್ಧಕ್ಕೆ ಇಳಿಯದಿದ್ದರೆ ರಕ್ತದ ಹರಿವು, ಭಾರ, ಸೋಂಕು ಮೂರನ್ನೂ ಮತ್ತೆ ಪರೀಕ್ಷೆ ಮಾಡಿಸಬೇಕು. ವರ್ಷಗಟ್ಟಲೆ ಇರುವ ಹುಣ್ಣಿನ ಅಂಚು ದಪ್ಪವಾಗಿ ಎದ್ದು, ಮುಟ್ಟಿದರೆ ರಕ್ತ ಬರುತ್ತಿದ್ದರೆ ಸಣ್ಣ ತುಂಡು ತೆಗೆದು ಪರೀಕ್ಷಿಸಿ ಎಂದು ನೀವಾಗೇ ಕೇಳಿ, ಹಳೆಯ ಹುಣ್ಣಿನಲ್ಲಿ ಕ್ಯಾನ್ಸರ್ ಹುಟ್ಟುವುದುಂಟು.

ಜ್ವರ, ಚಳಿ, ಗಂಟೆಗಂಟೆಗೂ ಮೇಲೇರುವ ಕೆಂಪು, ಒಮ್ಮೆಲೇ ಕಪ್ಪಾದ ಬೆರಳು, ಒತ್ತಿದರೆ ಚರ್ಮದಡಿ ಚರಚರ ಶಬ್ದ. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ, ಆ ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೋಗುವಾಗ ಫೋಟೋಗಳು, ಹಚ್ಚಿದ ಟ್ಯೂಬ್‌ಗಳು, ಈಚಿನ ಶುಗರ್ ಮತ್ತು ಕ್ರಿಯಾಟಿನಿನ್ ರಿಪೋರ್ಟ್ ಜೊತೆಗಿರಲಿ.